ಅಂಗಡಿಯ ಫೋನೇ ಬರೆಸಿದ ವೆಬ್‌ಸೈಟು

ಇಳಕಲ್ಲಿನ ಒಂದು ಸೀರೆ ಅಂಗಡಿಗೆ ವೆಬ್‌ಸೈಟ್ ಮಾಡಲು ಒಪ್ಪಿಕೊಂಡಾಗ ನಾನು ಮಾಡಿದ ಮೊದಲ ಕೆಲಸವೇ ತಪ್ಪು. 'ನಮ್ಮ ಬಗ್ಗೆ', 'ನಮ್ಮ ಸೀರೆಗಳು', 'ಸಂಪರ್ಕ' ಅಂತ ಚೆಂದದ ಖಾಲಿ ಪುಟಗಳನ್ನು ಅಂಗಡಿಯ ಮಾಲೀಕರಿಗೆ ತೋರಿಸಿ, "ಕಾಕಾ, ಇದರಾಗ ಹಾಕಾಕ ಬರದು ಕೊಡ್ರಿ" ಅಂದೆ. ಒಂದೂವರೆ ತಿಂಗಳು ಏನೂ ಬರಲಿಲ್ಲ. ಕೊನೆಗೆ ಬಂದದ್ದು ಎರಡೇ ಸಾಲು: ಗುಣಮಟ್ಟಕ್ಕೆ ಹೆಸರಾದ ಅಂಗಡಿ, ಒಮ್ಮೆ ಭೇಟಿ ಕೊಡಿ. ಅದನ್ನು ಚಪ್ಪಲಿ ಅಂಗಡಿಗೂ ಅಂಟಿಸಬಹುದು, ಅಲ್ವಾ?

ಕಾಕಾನ ತಪ್ಪೇನಿಲ್ಲ. ಬರೆಯಿರಿ ಅಂದರೆ ಅವರ ಕೈ ಓಡುವುದಿಲ್ಲ, ಮಾತಿಗೆ ಕೂತರೆ ಬಾಯಿ ನಿಲ್ಲುವುದಿಲ್ಲ. ಹಾಗಾಗಿ ಎರಡು ದಿನ ಅಂಗಡಿಯಲ್ಲೇ ಕೂತೆ. ಫೋನ್ ಬಂದಾಗೆಲ್ಲ ಗಿರಾಕಿ ಏನು ಕೇಳಿದರು ಅನ್ನುವುದನ್ನು ಅವರದೇ ಮಾತಿನಲ್ಲಿ ಬರೆದುಕೊಂಡೆ. "ಸೆರಗು ಖರೇ ರೇಷ್ಮಿನೋ, ಚಮಕಾನೋ?" "ಬಣ್ಣ ಬಿಡ್ತದೇನ್ರೀ?" "ಒಂಬತ್ತು ಗಜದ್ದು ಸಿಗ್ತದೇನು?" "ಇದು ಕೈಮಗ್ಗದ್ದು ಅಂತ ಹೆಂಗ ನಂಬೂದು?" ನಲವತ್ತು ಚಿಲ್ಲರೆ ಪ್ರಶ್ನೆ ಆದವು. ಒಟ್ಟು ಮಾಡಿದರೆ ಐದೇ ಗುಂಪು. ಆ ಐದೇ ಪುಟಗಳಾದವು. ಅಂಗಡಿಯ ಇತಿಹಾಸವನ್ನು ಒಬ್ಬರೂ ಕೇಳಿರಲಿಲ್ಲ.

ಜಾಸ್ತಿ ಸಿಕ್ಕಿದ್ದು "ಇಷ್ಟ್ಯಾಕ ರೇಟು?" ಅನ್ನುವ ಪ್ರಶ್ನೆಯಿಂದ. ಕೇಳಿ, ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. "ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ ತಮ್ಮಾ. ಎಳಿಗೆ ಎಳಿ ಕುಣಿಕಿ ಹಾಕಿ ಕೂಡಸಬೇಕು" ಅಂದರು ಕಾಕಾ. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸುವ ನೂಲು. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಾಗುವುದು ಈ ಜೋಡಣೆಯಿಂದಲೇ. ಅದಕ್ಕೇ ತೋಪ ತೆನಿ ಅನ್ನುವುದು. ಮನೆಗೆ ಬಂದು ಟೈಪ್ ಮಾಡುವಾಗ ನಾನು 'ವಿಶಿಷ್ಟ ತಂತ್ರ' ಅಂತ ಸೇರಿಸಿದ್ದೆ. ಓದಿ ಹೇಳಿದಾಗ ಕಾಕಾ, "ಹಿಂಗ ನಾ ಎಲ್ಲಿ ಅಂದೀನಿ?" ಅಂದರು. ತೆಗೆದುಬಿಟ್ಟೆ.

ಈ ತೋಪ ತೆನಿಯೇ ಇನ್ನೊಂದು ತಲೆನೋವು ತಂದಿತು. ಟೋಪ ತೆನಿ, ತೋಪು ತೆನೆ, ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಊರಿನ ಹೆಸರೇ ಇಳಕಲ್, ಇಲಕಲ್, ಇಲ್ಕಲ್ ಅಂತೆಲ್ಲ ಇದೆ. ಒಂದು ಹಾಳೆಯಲ್ಲಿ ಪದಪಟ್ಟಿ ಮಾಡಿ, ಎಲ್ಲ ಪುಟಕ್ಕೂ ಒಂದೇ ರೂಪ ಅಂತ ಗೊತ್ತುಮಾಡಿಕೊಂಡೆವು. ಹುಡುಕುವವರಿಗೆ ಸಿಗಲಿ ಅಂತ ಉಳಿದ ರೂಪಗಳನ್ನು ಒಮ್ಮೆ ಮಾತ್ರ ಹಾಕಿದೆವು. ಗೋಮಿ, ಚಿಕ್ಕಿ, ಪರಾಸ್, ಗಾಡಿ ಅನ್ನುವ ದಡಿಗಳ ಹೆಸರೂ ಅದೇ ಪಟ್ಟಿಗೆ ಹೋಯಿತು.

ಹಳೆಯ ಕರಪತ್ರವೊಂದರ ಫೈಲ್ ಡಿಟಿಪಿ ಅಂಗಡಿಯಿಂದ ಸಿಕ್ಕಿತು. ಖುಷಿಯಿಂದ ಕಾಪಿ ಮಾಡಿ ಹಾಕಿದರೆ ಬರೀ ಇಂಗ್ಲಿಷ್ ಗೀಚು. ಅದು 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫಾಂಟಿನಲ್ಲಿತ್ತು. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಕನ್ನಡ ಕಾಣುವುದೇ ಇಲ್ಲ. ಅದನ್ನು ಯೂನಿಕೋಡ್‌ಗೆ, ಅಂದರೆ ಈಗ ಎಲ್ಲ ಮೊಬೈಲಿನಲ್ಲೂ ನಡೆಯುವ ಅಕ್ಷರ ಸಂಕೇತಕ್ಕೆ, ಬದಲಾಯಿಸುವ ಕನ್ವರ್ಟರ್ ಬಹುಪಾಲು ಸರಿ ಮಾಡಿತು. ಆದರೆ ಅರ್ಕಾವತ್ತು, ಒತ್ತಕ್ಷರ ಬಂದ ಕಡೆ ಎಡವಿತ್ತು. ಪ್ರಿಂಟಾದ ಕರಪತ್ರ ಪಕ್ಕದಲ್ಲಿಟ್ಟು ಸಾಲು ಸಾಲು ಹೋಲಿಸಿದೆ. ಒಂದು ಸಂಜೆ ಅದಕ್ಕೇ ಹೋಯಿತು.

ಫೋಟೋಗಳು ವಾಟ್ಸ್ಆ್ಯಪ್‌ನಲ್ಲಿ ಬಂದು ಮಸುಕಾಗಿದ್ದವು. ಡಾಕ್ಯುಮೆಂಟ್ ಅಂತ ಕಳಿಸಿ ಅಂದ ಮೇಲೆ ಸರಿಹೋಯಿತು. ಬಣ್ಣದ ಗೋಳು ಮಾತ್ರ ಬೇರೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದ 'ಗಿರಿ ಕುಂಕುಮ' ಅನ್ನುವ ಕೆಂಪು ಬಣ್ಣದ ಸೀರೆ ಯಾವುದೋ ಕಿತ್ತಳೆ ಆಗಿತ್ತು. ಬೆಳಿಗ್ಗೆ ಬಾಗಿಲ ಬಳಿ ನೆರಳಿನಲ್ಲಿ ಹಾಸಿ ಮತ್ತೆ ತೆಗೆದೆವು.

ಕಾಕಾನ ಮಗನಿಗೆ ಜಿಐ (ಭೌಗೋಳಿಕ ಸೂಚಕ, ಅಂದರೆ ಇದು ಇಂಥ ಊರಿನದೇ ಸರಕು ಅನ್ನುವ ಗುರುತು) ಲೋಗೋ ದೊಡ್ಡದಾಗಿ ಬೇಕಿತ್ತು. ಇಳಕಲ್ ಸೀರೆಗೆ ಜಿಐ ಮಾನ್ಯತೆ ಇರುವುದು ನಿಜ. ಆದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕಲ್ಲ? ಕೇಳಿದಾಗ ಕಾಗದ ಸಿಗಲಿಲ್ಲ. ಲೋಗೋ ಬೇಡ ಅಂದೆ. ಎರಡು ದಿನ ಆ ಮಗ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಈಗ ಯಾರ ಕೆಲಸ ಹಿಡಿದರೂ ಮೊದಲು ಒಂದು ಎಕ್ಸೆಲ್ ಶೀಟು: ಪುಟ, ಯಾವ ಪ್ರಶ್ನೆಗೆ ಉತ್ತರ, ಯಾರಿಂದ ಬರಬೇಕು, ಬಂತಾ ಇಲ್ಲವಾ. ಅದು ತುಂಬುವ ತನಕ ಡಿಸೈನ್ ಮುಟ್ಟುವುದಿಲ್ಲ.

ಹೋದ ವಾರ ಅಂಗಡಿಗೆ ಹೋಗಿದ್ದೆ. ಫೋನ್ ಬಂತು, ಬಣ್ಣ ಬಿಡ್ತದೇನ್ರೀ ಅಂತ. ಕಾಕಾ ಕನ್ನಡಕ ಹಾಕಿಕೊಂಡು ಇನ್ನೊಂದು ಮೊಬೈಲಿನಲ್ಲಿ ಆ ಪುಟ ತೆರೆದು, ತಮ್ಮದೇ ಉತ್ತರವನ್ನು ತಾವೇ ಓದಿ ಹೇಳಿದರು.