ಆಯಿಲ್ ಕುಡಿದ ಮಣ್ಣಿಗೆ ಅಣಬೆ ಮದ್ದು, ಮಾಡೋದು ಹೇಗೆ?

ಡೀಸೆಲ್ ಇಂಜಿನ್ ಇಟ್ಟಿದ್ದ ಜಾಗ, ಟ್ರ್ಯಾಕ್ಟರ್ ಶೆಡ್ಡಿನ ಮೂಲೆ, ಗ್ಯಾರೇಜ್ ಹಿಂದಿನ ಖಾಲಿ ಸೈಟು, ಇಲ್ಲೆಲ್ಲ ಮಣ್ಣು ಕಪ್ಪಗೆ ಜಿಡ್ಡುಜಿಡ್ಡಾಗಿ ಗರಿಕೆನೂ ಹುಟ್ಟದ ಹಾಗೆ ಆಗಿರೋದನ್ನ ನೀವು ನೋಡೇ ಇರ್ತೀರಿ. ಅದರ ಮೇಲೆ ಒಂದು ಲೋಡ್ ಕೆಂಪು ಮಣ್ಣು ಸುರಿದು ಮುಚ್ಚಿಬಿಡೋದು ಎಲ್ಲಾ ಕಡೆ ರೂಢಿ, ಆದ್ರೆ ಪ್ರತಿ ಮಳೆಗೂ ಆ ಆಯಿಲ್ ಸ್ವಲ್ಪ ಸ್ವಲ್ಪ ಕೆಳಗಿಳಿಯೋದು ನಿಲ್ಲಲ್ಲ. ಜಾಗ ಚಿಕ್ಕದಾಗಿದ್ರೆ, ಒಂದೆರಡು ಗಾಡಿ ಮಣ್ಣಿನಷ್ಟು ಆದ್ರೆ, ಚಿಪ್ಪು ಅಣಬೆ ಬಳಸಿ ಅದನ್ನ ಸುಧಾರಿಸೋ ಪ್ರಯತ್ನ ಮಾಡ್ಬಹುದು, ಖರ್ಚೂ ಕಡಿಮೆ.

ಅಣಬೆಗೂ ಆಯಿಲ್‌ಗೂ ಏನು ಸಂಬಂಧ ಅಂದ್ರೆ, ಮರಕ್ಕೆ ಗಟ್ಟಿತನ ಕೊಡೋದು ಲಿಗ್ನಿನ್ ಅನ್ನೋ ವಸ್ತು, ಅದು ಎಷ್ಟು ಅಡ್ಡಾದಿಡ್ಡಿ ರಚನೆಯದು ಅಂದ್ರೆ ಬಹುಪಾಲು ಸೂಕ್ಷ್ಮಜೀವಿಗಳಿಗೆ ಅದನ್ನ ಮುಟ್ಟೋಕೇ ಆಗಲ್ಲ. ಮರದ ಮೇಲೆ ಬೆಳೆಯೋ ಚಿಪ್ಪು ಅಣಬೆಯಂಥವು ಲ್ಯಾಕೇಸ್, ಮ್ಯಾಂಗನೀಸ್ ಪೆರಾಕ್ಸಿಡೇಸ್ ಅನ್ನೋ ಕಿಣ್ವಗಳನ್ನ ತಮ್ಮ ಮೈಯಿಂದ ಹೊರಗೆ ಬಿಟ್ಟು ಅದನ್ನ ಅಲ್ಲೇ ಒಡೀತವೆ. ಈ ಕಿಣ್ವಗಳು ಇಂಥದ್ದನ್ನೇ ಒಡೀಬೇಕು ಅಂತ ಹಟ ಹಿಡಿಯಲ್ಲ, ಡೀಸೆಲ್, ಇಂಜಿನ್ ಆಯಿಲ್‌ಗಳಲ್ಲಿರೋ ಉಂಗುರದಾಕಾರದ ಅಣುಗಳು ಲಿಗ್ನಿನ್ ತುಣುಕುಗಳನ್ನೇ ಹೋಲೋದ್ರಿಂದ ಅವನ್ನೂ ಒಡೀತವೆ. 1985ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿ ವಿಜ್ಞಾನಿಗಳು ಫನೆರೋಕೀಟೆ ಕ್ರೈಸೋಸ್ಪೋರಿಯಂ ಅನ್ನೋ ಶಿಲೀಂಧ್ರ (ಅಣಬೆಯ ಬಳಗದ್ದೇ ಜೀವಿ) ಡಿಡಿಟಿ, ಲಿಂಡೇನ್‌ನಂಥ ಕೀಟನಾಶಕಗಳನ್ನೂ ಒಡೆಯುತ್ತೆ ಅಂತ ತೋರಿಸಿದ ಮೇಲೆ ಈ ವಿಷಯಕ್ಕೆ ನಿಜವಾದ ಗಮನ ಬಂತು.

ಶುರು ಮಾಡೋ ಮುಂಚೆ ಒಂದನ್ನ ಗಟ್ಟಿಯಾಗಿ ತಿಳ್ಕೊಳ್ಳಿ, ಇದನ್ನೇ ತುಂಬ ಜನ ಹೇಳಲ್ಲ. ಅಣಬೆ ಸೀಸ, ಕ್ಯಾಡ್ಮಿಯಂ, ಪಾದರಸ ಇವನ್ನ ಒಡೆಯಲ್ಲ, ಯಾವ ಜೀವಿಯೂ ಲೋಹಾನ ಒಡೆಯೋಕಾಗಲ್ಲ. ಹಳೇ ಬ್ಯಾಟರಿ ಒಡೆದ ಜಾಗ, ಪ್ಲೇಟಿಂಗ್ ಶಾಪ್ ಪಕ್ಕದ ಜಾಗ ಆಗಿದ್ರೆ ಈ ವಿಧಾನ ಬಿಟ್ಟುಬಿಡಿ. ಕೀಟನಾಶಕ ಚೆಲ್ಲಿದ ಮಣ್ಣಿಗೂ ಮನೇಲಿ ಕೈ ಹಾಕ್ಬೇಡಿ. ಕಾಸರಗೋಡು, ದಕ್ಷಿಣ ಕನ್ನಡದವರಿಗೆ ಗೊತ್ತಿರೋ ಎಂಡೋಸಲ್ಫಾನ್‌ನೇ ತಗೊಳ್ಳಿ, ಲ್ಯಾಬಿನಲ್ಲಿ ಶಿಲೀಂಧ್ರ ಅದನ್ನೂ ಒಡೆಯುತ್ತೆ, ಆದ್ರೆ ನಡುವೆ ಎಂಡೋಸಲ್ಫಾನ್ ಸಲ್ಫೇಟ್ ಹುಟ್ಟತ್ತೆ, ಅದೂ ವಿಷವೇ. ಅರ್ಧಕ್ಕೆ ನಿಂತ್ರೆ ಕಷ್ಟ.

ಬರೀ ಡೀಸೆಲ್, ಆಯಿಲ್ ಅಂತ ಖಾತ್ರಿ ಆದ್ರೆ ಮುಂದುವರೀರಿ. ಕೈಗೆ ಗ್ಲೌಸ್ ಹಾಕ್ಕೊಂಡು ಕಪ್ಪು ಮಣ್ಣನ್ನ ಅಗೆದು ತೆಗೀರಿ, ನೆರಳಿರೋ, ಮಳೆ ನೀರು ಬೀಳದ ಜಾಗದಲ್ಲಿ ದಪ್ಪ ಟಾರ್ಪಾಲ್ ಹಾಸಿ, ಸುತ್ತ ಇಟ್ಟಿಗೆ ಇಟ್ಟು ಅಂಚು ಎತ್ತರ ಮಾಡಿ. ಅಣಬೆ ಒಡೆದ ತುಣುಕುಗಳು ಎಷ್ಟೋ ಸಲ ಮೊದಲಿಗಿಂತ ಸುಲಭವಾಗಿ ನೀರಲ್ಲಿ ಕರಗ್ತವೆ, ಆಮೇಲೆ ಬ್ಯಾಕ್ಟೀರಿಯಾ ಅವನ್ನ ಮುಗಿಸ್ಬೇಕು, ಅಲ್ಲಿವರೆಗೆ ನೀರು ಸೋರಿ ಹೋಗ್ಬಾರದು, ಅದಕ್ಕೇ ಈ ಟಾರ್ಪಾಲ್ ಬೇಕೇ ಬೇಕು.

ಅಣಬೆ ಬೀಜ (ಸ್ಪಾನ್) ಬೆಂಗಳೂರು ಹತ್ರದ ಹೆಸರಘಟ್ಟದ ಐಐಎಚ್ಆರ್ ಅನ್ನೋ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಸಿಗತ್ತೆ, ಅಣಬೆ ಬೆಳೆಯೋರ ಹತ್ರಾನೂ ಕೇಳ್ಬಹುದು. ಭತ್ತದ ಹುಲ್ಲನ್ನ ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ರಾತ್ರಿ ನೆನೆಸಿ, ಸುಮಾರು 80 ಡಿಗ್ರಿ ಬಿಸಿ ನೀರಲ್ಲಿ ಒಂದು ಗಂಟೆ ಇಟ್ಟು ಬಸಿದು ಆರಿಸಿ, ಚೀಲಕ್ಕೆ ಪದರ ಪದರವಾಗಿ ಬೀಜದ ಜೊತೆ ತುಂಬಿ. ಎರಡು ಮೂರು ವಾರದಲ್ಲಿ ಅಣಬೆಯ ಬಿಳಿ ಎಳೆಗಳು ಹುಲ್ಲನ್ನೆಲ್ಲ ಹೆಣೆದುಕೊಂಡಿರ್ತವೆ. ಇಷ್ಟೆಲ್ಲ ಕಷ್ಟ ಬೇಡ ಅನ್ನೋರು ಅಣಬೆ ಫಾರ್ಮಿನವರು ಕೊಯ್ಲು ಮುಗಿಸಿ ಎಸೆಯೋ ಹಳೇ ಬೆಡ್‌ಗಳನ್ನ ತನ್ನಿ, ಅದರಲ್ಲೂ ಕಿಣ್ವ ಇರತ್ತೆ, ನನ್ನ ಪ್ರಕಾರ ನಮ್ಮಲ್ಲಿ ಸುಮ್ಮನೆ ಹಾಳಾಗ್ತಿರೋ ಒಳ್ಳೇ ವಸ್ತು ಅಂದ್ರೆ ಇದೇ.

ಮೂರು ಪಾಲು ಮಣ್ಣಿಗೆ ಒಂದು ಪಾಲಾದ್ರೂ ಈ ಬಿಳಿ ಹುಲ್ಲು ಇರ್ಲಿ, ನಾಲ್ಕು ಬೆರಳು ಮಣ್ಣು, ಮೇಲೆ ಹುಲ್ಲು, ಮತ್ತೆ ಮಣ್ಣು ಹೀಗೆ ಹರಡಿ, ಮೊಣಕಾಲೆತ್ತರ ದಾಟಿಸ್ಬೇಡಿ, ಒಳಗೆ ಗಾಳಿ ಆಡದಿದ್ರೆ ಅಣಬೆ ಸತ್ತೋಗತ್ತೆ. ಎರೆಮಣ್ಣಾದ್ರೆ ಮರದ ಚಕ್ಕೆನೋ ಮುಸುಕಿನ ಜೋಳದ ದಿಂಡಿನ ಪುಡಿನೋ ಸೇರಿಸಿ ಸಡಿಲ ಮಾಡಿ. ಬೇಗ ಆಗ್ಲಿ ಅಂತ ಯೂರಿಯಾ, ಹಸಿ ಸಗಣಿ ಹಾಕೋರಿದ್ದಾರೆ, ದಯವಿಟ್ಟು ಬೇಡ, ಸಾರಜನಕ ಜಾಸ್ತಿ ಆದ್ರೆ ಬೇರೆ ಬೂಷ್ಟು, ಬ್ಯಾಕ್ಟೀರಿಯಾ ಮೇಲುಗೈ ಸಾಧಿಸ್ತವೆ. ಮೇಲೆ ಒದ್ದೆ ಗೋಣಿಚೀಲ ಮುಚ್ಚಿ. ಹಿಡಿ ಮಣ್ಣು ಹಿಂಡಿದ್ರೆ ಒಂದೆರಡು ಹನಿ ಬರೋಷ್ಟೇ ತೇವ ಸಾಕು. ಏಪ್ರಿಲ್, ಮೇ ಬಿಸಿಲಲ್ಲಿ ಶುರು ಮಾಡ್ಬೇಡಿ, ಮಳೆಗಾಲದಿಂದ ಚಳಿಗಾಲದವರೆಗಿನ ಹವಾ ಇದಕ್ಕೆ ಹಿತ.

90ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲಿಂಗ್‌ಹ್ಯಾಮ್‌ನ ಟ್ರಕ್ ಯಾರ್ಡೊಂದರಲ್ಲಿ ಅಣಬೆ ತಜ್ಞ ಪಾಲ್ ಸ್ಟಾಮೆಟ್ಸ್ ಇದೇ ಜಾತಿ ಅಣಬೆ ಬಳಸಿ, 20,000 ಪಿಪಿಎಂ (ಹತ್ತು ಲಕ್ಷ ಪಾಲಿಗೆ 20,000 ಪಾಲು) ಇದ್ದ ಡೀಸೆಲ್ ಅಂಶ 8 ವಾರದಲ್ಲಿ 200ಕ್ಕಿಂತ ಕೆಳಗಿಳೀತು ಅಂತ ವರದಿ ಮಾಡಿದ್ರು. ಎಲ್ಲಾ ಕಡೆ ಹಾಗೇ ಆಗತ್ತೆ ಅಂತ ನಂಬ್ಕೊಂಡು ಕೂರ್ಬೇಡಿ, ಹಳೇ ಇಂಜಿನ್ ಆಯಿಲ್ ಡೀಸೆಲ್‌ಗಿಂತ ಮಂದ, ಹೆಚ್ಚು ಹಟಮಾರಿ, ನಾಲ್ಕಾರು ತಿಂಗಳು ತಾಳ್ಮೆ ಬೇಕು, ನಡುವೆ ಹೊಸ ಹುಲ್ಲು ಸೇರಿಸ್ಬೇಕಾಗಬಹುದು.

ಆಯ್ತಾ ಇಲ್ವಾ ನೋಡೋಕೆ ಗಾಜಿನ ಬಾಟ್ಲಿಗೆ ಮಣ್ಣು, ನೀರು ಹಾಕಿ ಕುಲುಕಿ ಇಡಿ, ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡ್ರೆ ಇನ್ನೂ ಇದೆ ಅಂತ ಅರ್ಥ. ಆಮೇಲೆ ಒಂದು ಕುಂಡದಲ್ಲಿ ಈ ಮಣ್ಣು, ಇನ್ನೊಂದರಲ್ಲಿ ಒಳ್ಳೇ ಮಣ್ಣು ಹಾಕಿ ಎರಡರಲ್ಲೂ ಅಷ್ಟಷ್ಟೇ ಹೆಸರುಕಾಳು ಬಿತ್ತಿ, ಮೊಳಕೆನೂ ಬೇರಿನ ಉದ್ದನೂ ಹೋಲಿಸಿ. ಇದು ಅಂದಾಜಿಗೆ ಮಾತ್ರ, ಬಾವಿ ಹತ್ರ ಇದ್ರೆ ಲ್ಯಾಬ್ ಟೆಸ್ಟ್ ಮಾಡಿಸದೆ ಆ ಮಣ್ಣನ್ನ ವಾಪಸ್ ಹಾಕ್ಬೇಡಿ.

ರಾಶಿ ಮೇಲೆ ಅಣಬೆ ಎದ್ರೆ ನೋಡೋಕೆ ಚೆನ್ನಾಗಿರತ್ತೆ, ಆದ್ರೆ ತಿನ್ಬೇಡಿ, ದನಕ್ಕೂ ಹಾಕ್ಬೇಡಿ. ಹಳೇ ಆಯಿಲ್‌ನಲ್ಲಿ ಇಂಜಿನ್ ಸವೆದ ಲೋಹದ ಪುಡಿ ಇರತ್ತೆ, ಅಣಬೆ ಅದನ್ನ ಹೀರ್ಕೊಳ್ಳತ್ತೆ. ಕಿತ್ತು ಬೇರೆ ಚೀಲದಲ್ಲಿ ಕಟ್ಟಿಡಿ, ಗೊಬ್ಬರದ ಗುಂಡಿಗೆ ಸೇರಿಸ್ಬೇಡಿ. ಸರಿಹೋದ ಮಣ್ಣಲ್ಲೂ ಸೊಪ್ಪು, ಮೂಲಂಗಿ, ಕ್ಯಾರೆಟ್ ಬೆಳೆಯೋ ಯೋಚನೆ ಬಿಟ್ಟು ಚೆಂಡು ಹೂವೋ ದಾಸವಾಳವೋ ಹಾಕಿ.