ಲೀಗಲ್ ಕವರ್ ಸೇರಿಸಬೇಕಾ? ನಮ್ಮ ಹಳದಿ ಬೋರ್ಡ್ ಗಾಡಿಗಳಿಗೆ ನಾನು ಹಾಕಿದ ಲೆಕ್ಕ

ರಿಜೆಕ್ಟ್ ಆದ ಇನ್ಶೂರೆನ್ಸ್ ಕ್ಲೇಮ್ ಲಾಯರ್ ಇಲ್ಲದೆ ವಾಪಸ್ ಬರಲ್ಲ ಅಂತ ಮೈಸೂರಿನ ನಮ್ಮ ಸ್ಟ್ಯಾಂಡಿನಲ್ಲಿ ಎಲ್ಲರೂ ಹೇಳಿದ್ದರು. ನನಗೆ ಬಂತು, ಅದೂ ಒಂದೂವರೆ ಲಕ್ಷದ ಮೇಲೆ. ರಿನ್ಯೂವಲ್ ಹೊತ್ತಿಗೆ ಏಜೆಂಟ್ ಲೀಗಲ್ ಕವರ್, ಅಂದರೆ ಗಾಡಿ ಕೇಸಿಗೆ ಲಾಯರ್ ಖರ್ಚು ಕೊಡುವ ಹೆಚ್ಚುವರಿ ಕವರ್, ಅಂತ ಮುಂದೆ ಇಟ್ಟಾಗ ನಾನು ಹೇಗೆ ತೀರ್ಮಾನ ಮಾಡಿದೆ ಅನ್ನೋದನ್ನು ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಹತ್ತಿರ ಮೂರು ಡಿಜೈರ್, ಒಂದು ಇನ್ನೋವಾ ಇವೆ. ಪ್ಯಾಕೇಜ್ ಪಾಲಿಸಿ, ಥರ್ಡ್ ಪಾರ್ಟಿ ಅಂದರೇನು ಅಂತ ಇಲ್ಲಿ ವಿವರಿಸಲ್ಲ, ನಿಮಗೆ ಗೊತ್ತಿರೋದೇ.

ಪಾಲಿಸಿ ಹಾಳೆಯ ಪ್ರೀಮಿಯಂ ಪಟ್ಟಿಯಲ್ಲಿ ‘ಎಲ್‌ಎಲ್ (ಲೀಗಲ್ ಲಯಬಿಲಿಟಿ) ಟು ಪೇಯ್ಡ್ ಡ್ರೈವರ್’ ಅಂತ ಒಂದು ಸಾಲು ಇರುತ್ತದೆ. ಎದುರಿಗೆ 50 ರೂಪಾಯಿ. ಜಿಎಸ್‌ಟಿ ಸೇರಿ 59. ನಮ್ಮ ಗಾಡಿ ಓಡಿಸುವಾಗ ನಮ್ಮ ಡ್ರೈವರಿಗೇ ಏನಾದರೂ ಆದರೆ, ಮಾಲೀಕನ ತಲೆ ಮೇಲೆ ಬರುವ ಪರಿಹಾರವನ್ನು ಕಂಪನಿ ಹೊರುವುದಕ್ಕೆ ಇರುವ ಸಾಲು ಅದು. ಅದನ್ನು ಯಾವ ಕಾರಣಕ್ಕೂ ಬಿಡಬೇಡಿ. ಏಜೆಂಟ್ ಮಾರುವ ಲೀಗಲ್ ಕವರ್ ಬೇರೆ. ನನಗೆ ಹೇಳಿದ ರೇಟು ಗಾಡಿಗೆ ಸುಮಾರು 1,500. ನಾಲ್ಕು ಗಾಡಿಗೆ ವರ್ಷಕ್ಕೆ ಆರು ಸಾವಿರ. ಒಂದು ಸೆಟ್ ಟೈರಿನ ಅರ್ಧ ದುಡ್ಡು ಅಲ್ವಾ?

ನಾನು ಮಾಡಿದ್ದು ಇಷ್ಟೇ. ಒಂದು ಹಾಳೆಯಲ್ಲಿ, ಗಾಡಿ ಇಟ್ಟವನಿಗೆ ಬರಬಹುದಾದ ಜಗಳಗಳನ್ನೆಲ್ಲ ಬರೆದೆ. ಪ್ರತಿಯೊಂದರ ಮುಂದೆ ಲಾಯರ್ ದುಡ್ಡು ಈಗಾಗಲೇ ಯಾರು ಕೊಡುತ್ತಾರೆ ಅಂತ ಬರೆದೆ.

ಎದುರಿನವರಿಗೆ ಏಟಾಗಿ ಅವರು ಪರಿಹಾರಕ್ಕೆ ಟ್ರಿಬ್ಯುನಲ್‌ಗೆ ಹೋದರೆ ಕಂಪನಿಯೇ ಲಾಯರ್ ಇಟ್ಟು ನಡೆಸುತ್ತದೆ. ಸಾವು, ಗಾಯಕ್ಕೆ ಮಿತಿ ಇಲ್ಲ. ಆಸ್ತಿ ಹಾನಿಗೆ ಏಳೂವರೆ ಲಕ್ಷದವರೆಗೆ. ಆದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಪರ್ಮಿಟ್ ಲ್ಯಾಪ್ಸ್ ಆಗಿದ್ದರೆ ಕಂಪನಿ ಅವರಿಗೆ ಕೊಟ್ಟು ನಮ್ಮಿಂದ ವಸೂಲಿ ಮಾಡಲು ನೋಡುತ್ತದೆ. ಆಗ ಕಂಪನಿ ಲಾಯರ್ ನಮ್ಮ ಕಡೆಯವನಲ್ಲ. ಇದಕ್ಕೆ ಯಾವ ಕವರೂ ಮದ್ದಲ್ಲ, ದಿನಾಂಕ ನೋಡಿಕೊಳ್ಳೋದೊಂದೇ ದಾರಿ.

ಡ್ರೈವರ್ ಮೇಲೆ ಪೊಲೀಸ್ ಕೇಸ್ ಆದರೆ ಖರ್ಚು ನಮ್ಮದು. ಬೇಲು, ಕೋರ್ಟಿನಿಂದ ಗಾಡಿ ಬಿಡಿಸೋದು, ಎಲ್ಲಾ ಸೇರಿ ನಮ್ಮ ಕಡೆ ಎಂಟ್ಹತ್ತು ಸಾವಿರ ಹಿಡಿಯುತ್ತದೆ.

ಮೂರನೆಯದು, ನಮ್ಮ ಕಂಪನಿಯೇ ಕ್ಲೇಮ್ ಕೊಡಲ್ಲ ಅನ್ನೋದು. ನಾನು ಏಜೆಂಟನ್ನು ಇದೊಂದೇ ಪ್ರಶ್ನೆ ಕೇಳಿದೆ: ‘ನೀವೇ ರಿಜೆಕ್ಟ್ ಮಾಡಿದರೆ ನಿಮ್ಮ ಮೇಲೆ ಕೇಸ್ ಹಾಕೋಕೆ ಈ ಕವರ್ ದುಡ್ಡು ಕೊಡುತ್ತಾ ಸಾರ್?’ ಅವರು ಷರತ್ತಿನ ಹಾಳೆ ತೆಗೆದು ಓದಿದರು. ಕೊಡಲ್ಲ. ಡಿಜೈರ್‌ಗಳ ಮಟ್ಟಿಗೆ ಕವರ್ ಬೇಡ ಅಂತ ಅಲ್ಲಿಗೆ ನನ್ನ ತೀರ್ಮಾನ ಆಯಿತು.

ಇದು ಸುಮ್ನೆ ಕಾಗದದ ಲೆಕ್ಕ ಅಂತ ಗೆಳೆಯರು ನಂಬಲಿಲ್ಲ. 2025ರ ಶುರುವಿನಲ್ಲಿ ಪಾಂಡವಪುರದ ರಸ್ತೆಯಲ್ಲಿ ರಾತ್ರಿ ನಮ್ಮ ಡಿಜೈರ್ ಕಬ್ಬಿನ ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಂದಿನಿಂದ ಹೊಡೆಯಿತು. ಟ್ರೇಲರ್‌ಗೆ ರಿಫ್ಲೆಕ್ಟರ್ ಇಲ್ಲ, ಲೈಟ್ ಇಲ್ಲ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಬಾನೆಟ್, ರೇಡಿಯೇಟರ್, ಏರ್‌ಬ್ಯಾಗ್ ಎಲ್ಲ ಹೋಗಿ ಬಿಲ್ ಎರಡು ಲಕ್ಷದ ಹತ್ತಿರ. ಕಂಪನಿ ಕ್ಲೇಮ್ ತಳ್ಳಿಹಾಕಿತು. ಕಾರಣ, ಡ್ರೈವರ್ ಡಿಎಲ್‌ನಲ್ಲಿ ಎಲ್‌ಎಂವಿ (ಲಘು ವಾಹನ) ಮಾತ್ರ ಇದೆ, ಟ್ರಾನ್ಸ್‌ಪೋರ್ಟ್ ಎಂಡೋರ್ಸ್‌ಮೆಂಟ್, ಅಂದರೆ ಬಾಡಿಗೆ ಗಾಡಿ ಓಡಿಸುವ ಅನುಮತಿ ಇಲ್ಲ ಅಂತ.

ಆದರೆ 2024ರ ನವೆಂಬರ್ 6ರಂದೇ ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳ ಪೀಠ ಹೇಳಿತ್ತು: 7,500 ಕೆಜಿ ಒಳಗಿನ ಟ್ರಾನ್ಸ್‌ಪೋರ್ಟ್ ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು. ಡಿಜೈರ್ ಜನ ತುಂಬಿಸಿದರೂ ಒಂದೂವರೆ ಟನ್ ಬರಲ್ಲ. ನಾನು ಆರ್‌ಸಿಯಲ್ಲಿ ತೂಕದ ಸಾಲಿಗೆ ಕೆಂಪು ಗೆರೆ ಹಾಕಿ, ತೀರ್ಪಿನ ಕೊನೆಯ ಹಾಳೆಗಳನ್ನು ಜೊತೆಗಿಟ್ಟೆ.

ಕಸ್ಟಮರ್ ಕೇರ್‌ನಲ್ಲಿ ದೂರು ನಂಬರ್ ಕೊಟ್ಟು ತಾವೇ ಮುಚ್ಚಿದರು. ಬ್ರಾಂಚಿನಲ್ಲಿ ಪತ್ರ ತೆಗೆದುಕೊಂಡರು, ನಕಲಿಗೆ ಸೀಲ್ ಹಾಕಲ್ಲ ಅಂದರು. ಕುಂದುಕೊರತೆ ಅಧಿಕಾರಿಗೆ ಮೇಲ್ ಹಾಕಿದರೆ ಮೊದಲಿನ ಉತ್ತರವೇ ಬಂತು. ಗ್ಯಾರೇಜಿನವನು ಪಾರ್ಕಿಂಗ್ ಚಾರ್ಜ್ ಶುರು ಮಾಡಿದ. ಗಾಡಿ ನಿಂತರೂ ಇಎಂಐ ನಿಲ್ಲಲ್ಲ. ನನ್ನ ಲೆಕ್ಕದಲ್ಲಿ ಬಾಡಿಗೆ ನಷ್ಟವೇ ಲಕ್ಷ ದಾಟಿತ್ತು. ಕೊನೆಗೆ ಕೈಯಿಂದ ದುಡ್ಡು ಹಾಕಿ, ಬಿಲ್ ಎತ್ತಿಟ್ಟು ಗಾಡಿ ಬಿಡಿಸಿದೆ.

ಆಮೇಲೆ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ, ಅಂದರೆ ಇನ್ಶೂರೆನ್ಸ್ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನ ಮಾಡುವ ಅಧಿಕಾರಿಗೆ, ದೂರು ಹಾಕಿದೆ. ಫೀಸ್ ಇಲ್ಲ. ಅಲ್ಲಿ ಲಾಯರ್ ಇಡೋ ಹಾಗೂ ಇಲ್ಲ, ನಾವೇ ಮಾತಾಡಬೇಕು. ಮೊದಲು ಕಂಪನಿಗೆ ಬರೆದಿರಬೇಕು. ಅವರು ಬೇಡ ಅಂದಿರಬೇಕು, ಇಲ್ಲವೇ ತಿಂಗಳಾದರೂ ಉತ್ತರ ಬಂದಿರಬಾರದು. ಅಲ್ಲಿಂದ ಒಂದು ವರ್ಷದೊಳಗೆ ದೂರು ಹೋಗಬೇಕು. ಸ್ವಂತ ಹೆಸರಲ್ಲಿ ವ್ಯವಹಾರ ಮಾಡುವ ನಮ್ಮಂಥವರ ಪಾಲಿಸಿಗೂ ಅವಕಾಶ ಇದೆ. ಹಾನಿ ಲೆಕ್ಕ ಹಾಕುವ ಸರ್ವೇಯರ್ ವರದಿಯ ಕಾಪಿ ಕೇಳಿ ತೆಗೆದುಕೊಳ್ಳಿ, ಅದು ನಮ್ಮ ಹಕ್ಕು. ಪತ್ರದಲ್ಲಿ ಯಾವುದು ಮೊದಲು ಬರೆಯಬೇಕು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಅದನ್ನು ಕಂಡುಕೊಳ್ಳೋಕೆ ನನಗೆ ಬಹಳ ರಾತ್ರಿ ಹಿಡಿಯಿತು.

ವಿಡಿಯೋದಲ್ಲಿ ವಿಚಾರಣೆ ಆಯಿತು. ತೂಕದ ಸಾಲು ತೋರಿಸಿದೆ, ತೀರ್ಪಿನ ತಾರೀಖು ಹೇಳಿದೆ. ಕಂಪನಿ ಕಡೆಯವರಿಗೆ ಹೇಳಲು ಜಾಸ್ತಿ ಇರಲಿಲ್ಲ. ಶುರುವಿನಿಂದ ದುಡ್ಡು ಬರುವವರೆಗೆ ಎಂಟೊಂಬತ್ತು ತಿಂಗಳು. ಸವಕಳಿ ಕಳೆದು ಒಂದು ಲಕ್ಷ ಅರವತ್ತು ಸಾವಿರದ ಆಸುಪಾಸು. ಜೆರಾಕ್ಸ್, ಸ್ಪೀಡ್ ಪೋಸ್ಟ್ ಎಲ್ಲಾ ಸೇರಿ ಐನೂರು ದಾಟಿಲ್ಲ. ಲಾಯರ್ ಇಲ್ಲದೆ ಆಗಲ್ಲ ಅಂದವರೇ ಈಗ ಪಾಲಿಸಿ ಹಿಡಿದು ನನ್ನ ಹತ್ತಿರ ಬರುತ್ತಾರೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದ್ದೆವು. ಮಾಲೀಕರೆಲ್ಲ ತಿಂಗಳಿಗೆ 500 ಹಾಕಿ ಕೋರ್ಟ್ ಖರ್ಚಿಗೆ ಅಂತ ಒಂದು ಚೀಟಿ. ಒಬ್ಬರು ಇಂಜಿನ್ ಕೆಲಸಕ್ಕೆ ಅಂತ ಎತ್ತಿಕೊಂಡರು, ಅಲ್ಲಿಗೆ ಮುರಿಯಿತು. ಈಗ ಪ್ರತಿ ಡಿಜೈರ್ ಹೆಸರಲ್ಲಿ ನಾನೇ ಬ್ಯಾಂಕಿನಲ್ಲಿ ಆರ್‌ಡಿ ಕಟ್ಟುತ್ತೇನೆ. ಕವರ್‌ಗೆ ಕೊಡಬೇಕಿದ್ದ ದುಡ್ಡೇ ಅದು. ಡ್ಯಾಶ್‌ಕ್ಯಾಮ್ ಕೂಡ ಹಾಕಿಸಿದೆ, ಒಂದಕ್ಕೆ ನಾಲ್ಕು ಸಾವಿರ ಚಿಲ್ಲರೆ. ಅಗ್ಗದ್ದು ಬೇಸಿಗೆ ಬಿಸಿಲಿಗೆ ಕೆಟ್ಟಿತು.

ಇನ್ನೋವಾಗೆ ಮಾತ್ರ ಲೀಗಲ್ ಕವರ್ ತೆಗೆದುಕೊಂಡಿದ್ದೇನೆ. ಅದು ಊಟಿ, ವಯನಾಡು ಅಂತ ಹೊರ ರಾಜ್ಯದಲ್ಲೇ ಜಾಸ್ತಿ ಓಡುತ್ತದೆ. ಗೂಡಲೂರಿನಲ್ಲಿ ರಾತ್ರಿ ಕೇಸಾದರೆ ನನಗೆ ಅಲ್ಲಿ ಪರಿಚಯದ ಲಾಯರ್ ಇಲ್ಲ, ಭಾಷೆಯೂ ಬರಲ್ಲ. ತೆಗೆದುಕೊಳ್ಳುವ ಮೊದಲು ಆ ಕಡೆ ಅವರ ಲಾಯರ್ ಇದ್ದಾರಾ, ಒಂದು ಕೇಸಿಗೆ ಎಷ್ಟರವರೆಗೆ ಕೊಡುತ್ತಾರೆ, ಎರಡನ್ನೂ ಬರಹದಲ್ಲಿ ಕೇಳಿ ಪಡೆದೆ. ನಿಮ್ಮ ಗಾಡಿ ಮೈಸೂರು, ಮಂಡ್ಯ, ಬೆಂಗಳೂರು ಬಿಟ್ಟು ಹೋಗಲ್ಲ ಅಂದರೆ 59 ರೂಪಾಯಿಯ ಸಾಲು ಸಾಕು.