ಎಟಿಆರ್ ವಿಮಾನದ ಪ್ರೊಪೆಲ್ಲರ್ ನಿಂತಂತೆ ಕಾಣುತ್ತಿದ್ದ ಫೋಟೋ ಸರಿಯಾದ ಬಗೆ

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಮಾಳಿಗೆಯಿಂದ ಇಳಿಯುವ ವಿಮಾನಗಳನ್ನು ಸೆರೆಹಿಡಿಯುವಾಗ ಮೂತಿ ಮಸುಕಾಗುತ್ತಿತ್ತು. ಮಸುಕಾಗದಿದ್ದರೆ ಎಟಿಆರ್ 72ರ ಪ್ರೊಪೆಲ್ಲರ್ ಆಕಾಶದಲ್ಲೇ ಕೆಟ್ಟು ನಿಂತಂತೆ ಕಾಣುತ್ತಿತ್ತು. ಆರೂ ಅಲಗುಗಳನ್ನು ಎಣಿಸಬಹುದಿತ್ತು.

ಆಟೋ ಮೋಡ್ ಫಲ ಕೊಡಲಿಲ್ಲ. ಟ್ರೈಪಾಡ್ ಕತ್ತು ತಿರುಗಿಸುವಷ್ಟರಲ್ಲಿ ವಿಮಾನ ದಾಟಿ ಹೋಗುತ್ತಿತ್ತು. ಶಟರ್ ವೇಗವನ್ನು 1/2000 ಸೆಕೆಂಡಿಗೆ ಏರಿಸಿದಾಗ ಮಸುಕು ಹೋಯಿತು, ಪ್ರೊಪೆಲ್ಲರ್ ಕಲ್ಲಾಯಿತು. ಅದು ಪೂರ್ಣ ವೇಗದಲ್ಲಿ ನಿಮಿಷಕ್ಕೆ 1200 ಸುತ್ತು ತಿರುಗುತ್ತದೆ; 1/2000 ಸೆಕೆಂಡಿನಲ್ಲಿ ಅಲಗು ನಾಲ್ಕು ಡಿಗ್ರಿಯೂ ಸರಿಯುವುದಿಲ್ಲ. 1/250ರಲ್ಲಿ ಸುಮಾರು 29 ಡಿಗ್ರಿ ಸರಿಯುತ್ತದೆ. ಅಲಗು ತಿರುಗುತ್ತಿರುವಂತೆ ಕಾಣಲು ನನಗೆ ಬೇಕಿದ್ದದ್ದು ಅದೇ.

ಈಗಿನ ಹೊಂದಿಕೆ: ಶಟರ್ ಪ್ರಯಾರಿಟಿ (ಶಟರ್ ವೇಗವನ್ನು ನಾವೇ ಇಡುವ ಮೋಡ್), 1/250, ಐಎಸ್ಒ (ಬೆಳಕಿನ ಸಂವೇದನೆ) 100, ನಿರಂತರ ಫೋಕಸ್, ನಡುವಿನ ಚಿಕ್ಕ ಗುಂಪಿನ ಫೋಕಸ್ ಬಿಂದುಗಳು, ಸತತ ಶೂಟಿಂಗ್. ಬಿಳಿ ಆಕಾಶವಿದ್ದರೆ ಎಕ್ಸ್‌ಪೋಷರ್ (ಚಿತ್ರದ ಬೆಳಕು) +0.7, ಇಲ್ಲವಾದರೆ ವಿಮಾನದ ಹೊಟ್ಟೆ ಕಪ್ಪಾಗುತ್ತದೆ. ಲೆನ್ಸ್‌ನ ಅಲುಗಾಟ ತಡೆಯುವ ಸ್ಟೆಬಿಲೈಸೇಷನ್‌ನಲ್ಲಿ ಪ್ಯಾನಿಂಗ್, ಅಂದರೆ ಚಲಿಸುವುದನ್ನು ಕ್ಯಾಮೆರಾದಿಂದ ಹಿಂಬಾಲಿಸುವ ಬಗೆಯನ್ನೇ ಆರಿಸಬೇಕು.

ಆದರೆ ಕೆಲಸ ಮಾಡಿದ್ದು ಕಾಲು. ಚಿತ್ರ ತೆಗೆಯಬೇಕಾದ ದಿಕ್ಕಿಗೆ ಪಾದಗಳನ್ನು ಊರಿ, ಸೊಂಟವನ್ನಷ್ಟೇ ವಿಮಾನ ಬರುವ ಕಡೆಗೆ ತಿರುಗಿಸಿ ನಿಲ್ಲಬೇಕು. ಮೊಣಕೈಗಳು ಪಕ್ಕೆಗೆ ಅಂಟಿರಲಿ. ವಿಮಾನ ದೂರವಿರುವಾಗಲೇ ಗುಂಡಿಯನ್ನು ಅರ್ಧ ಒತ್ತಿ, ಕಾಕ್‌ಪಿಟ್ ಕಿಟಕಿಯ ಮೇಲೆ ಫೋಕಸ್ ಇಟ್ಟು ಹಿಂಬಾಲಿಸಬೇಕು. ಎದುರಿಗೆ ಬಂದಾಗ ಪೂರ್ತಿ ಒತ್ತಿ, ಒತ್ತಿದ ಮೇಲೂ ಸೊಂಟ ತಿರುಗುತ್ತಲೇ ಇರಬೇಕು. ನಾನು ನಿಲ್ಲಿಸಿಬಿಡುತ್ತಿದ್ದೆ, ಮಸುಕಿಗೆ ಮೂಲ ಅದೇ.

ಅಭ್ಯಾಸಕ್ಕೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸುಗಳು ಸಾಕು. ಜೆಟ್ ವಿಮಾನಗಳಿಗೆ 1/1000 ಇಡಿ, ಅಲ್ಲಿ ಅಲಗಿನ ಚಿಂತೆಯಿಲ್ಲ.